ಗಾಳಿಯ ಮುಯ್ಯಿ

ನಾನಿರುವ ಊರಿನ ಹೆಸರು ಹೇ.
ಯಾರನ್ನೋ ಕೂಗಿ, ಅವರು ತಿರುಗಿ ನೋಡಿದ ಮೇಲೆ
ಏನು ಹೇಳಬೇಕಿತ್ತೋ ಮರೆತು ನಿಂತ ಹಾಗೆ.

ಬೆಳಗಿನ ಐದೂವರೆ. ಕುರಿ ಪ್ರದರ್ಶನದ ತಗಡಿನ ಷೆಡ್ಡು.
ನನ್ನ ಮನೆ ಎರಡೇ ಬೀದಿ ಆಚೆ, ಆದರೂ ರಾತ್ರಿ
ಎಲ್ಲರ ಜೊತೆ ಇಲ್ಲೇ ಮಲಗಿದೆ, ಉಣ್ಣೆಯ ಕಮಟಿನಲ್ಲಿ.
ಹನ್ನೆರಡು ಮಂದಿ, ಹನ್ನೆರಡು ಸೈಕಲ್ಲು,
ಒಂದೇ ಡಬ್ಬಿ ಮುಲಾಮು.
ತೊಡೆಸಂದಿಗೆ ಹಚ್ಚಿಕೊಳ್ಳಲು ನಾಚುವ ಕಾಲ
ಮೊದಲ ದಿನವೇ ಮುಗಿದಿತ್ತು. ಇದು ನಾಲ್ಕನೆಯದು.

ಬ್ಯಾಲ್‌ರಾನಾಲ್ಡಿಗೆ ನೂರಮೂವತ್ತು ಕಿಲೋಮೀಟರು.
ಕಿಲೋಮೀಟರಿಗೊಂದು ಡಾಲರು, ಮಾಂಸದಂಗಡಿಯವನ ಮಾತು.
ಅಳದೆ ಮುಗಿಸಿದರೆ ಮೇಲೆ ಐವತ್ತು, ಜೊತೆಯ ನರ್ಸ್ ಬ್ರಾನ್ವಿನ್‌ಳ ಪಂದ್ಯ.
ಡಯಾಲಿಸಿಸ್ ಯಂತ್ರ ಹೊತ್ತು ಊರೂರು ತಿರುಗುವ
ಒಂದು ಬಸ್ಸಿಗೆ ಈ ಹಣ.

ಗದಗಿನ ಎರೆಹೊಲ ಕಂಡವಳು, ಬಯಲಿಗೆ ಹೆದರುವವಳಲ್ಲ
ಎಂದು ಜಂಬ ಕೊಚ್ಚಿದ್ದೆ ರಾತ್ರಿಯ ಊಟದಲ್ಲಿ.
ಸೇತುವೆ ದಾಟಿದ್ದೇ ಪಡುವಣ ಗಾಳಿ
ಎದೆಗೆ ಅಂಗೈಯಿಟ್ಟು ಹಿಂದಕ್ಕೆ ತಳ್ಳಿತು.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು
ಬರೀ ಗಾದೆ ಅಂದುಕೊಂಡಿದ್ದೆ. ಅದು ಈ ರಸ್ತೆಯ ವಿಳಾಸ.

ಕಾಲಿನ್ ಟ್ರೆವಾರ್ಥ, ಎಪ್ಪತ್ತೊಂದು, ಉಣ್ಣೆ ದಲ್ಲಾಳಿಯಾಗಿದ್ದವನು,
ನಿಯಮ ಹೇಳಿದ: ಮುಂದೆ ಒಂದೇ ನಿಮಿಷ.
ಆಮೇಲೆ ಪಕ್ಕಕ್ಕೆ ಸರಿ, ಜಾರು, ಬಾಲಕ್ಕೆ ಸೇರು,
ಹನ್ನೊಂದು ನಿಮಿಷ ಇನ್ನೊಬ್ಬರ ಬೆನ್ನ ಮರೆಯಲ್ಲಿ ಉಸಿರಾಡು.

ನನ್ನ ಸರದಿಗೆ ಮೂರು ನಿಮಿಷ ಎಳೆದೆ,
ಹುಚ್ಚು ಹಟ. ಹಿಂದಿನಿಂದ ಅವನ ಕೂಗು:
"ಸರಿಯಮ್ಮಾ ಸಾಕು, ಇಲ್ಲಿ ಪದಕ ಕೊಡೋರು ಯಾರೂ ಇಲ್ಲ!"
(ಅಮ್ಮಾ ಎಂಬುದು ನಾನು ಸೇರಿಸಿಕೊಂಡದ್ದು.)

ಬಾಲದಲ್ಲಿ ತೇಕುತ್ತ ನೆನಪಾದದ್ದು ಮುಯ್ಯಾಳು.
ಇವತ್ತು ನಿಮ್ಮ ಹೊಲದ ಕಳೆ, ನಾಳೆ ನಮ್ಮದು.
ಆ ಲೆಕ್ಕ ಯಾರೂ ಬರೆದಿಡುತ್ತಿರಲಿಲ್ಲ,
ಯಾರೂ ಮರೆಯುತ್ತಲೂ ಇರಲಿಲ್ಲ.

ರೋಡ್‌ಟ್ರೇನ್ ಬಂದರೆ ಮೊದಲು ಸೆಳೆತ, ಆಮೇಲೆ ಕಪಾಳಕ್ಕೆ.
ಉಪ್ಪುಗಿಡ, ಬೇಲಿ, ಉಪ್ಪುಗಿಡ.
ಮೊಟ್ಟೆ ಸ್ಯಾಂಡ್‌ವಿಚ್ಚಿನ ಮೇಲೆ ನನಗಿಂತ ಮೊದಲು ನೊಣ.
ಎಂಬತ್ತರಲ್ಲಿ ಥುಯಿಯ ಮಂಡಿ ಕೈಕೊಟ್ಟಿತು.
ವ್ಯಾನು ಹತ್ತಿ, ಕಿಟಕಿಗೆ ಮುಖ ಮಾಡಿ ಕೂತಳು.
ಯಾರೂ ಸಮಾಧಾನ ಹೇಳಲಿಲ್ಲ. ಕಾಲಿನ್ ಒಂದು ಬಾಳೆಹಣ್ಣು ಕೊಟ್ಟ.
ಹನ್ನೊಂದಾದೆವು.
ಸರದಿ ಬೇಗ ಬೇಗ ಬರತೊಡಗಿತು.

ಐದು ಗಂಟೆಗೆ, ಪಬ್ಬಿನ ಜಗುಲಿಯಲ್ಲಿ ಮೆರ್ವಿನ್ ಡಂಕ್ಲಿ.
ಎಡತೋಳಿನಲ್ಲಿ ಅದೇ ಉಬ್ಬಿದ ನರ,
ನನ್ನ ಸೂಜಿಗೆ ಮನೆದಾರಿಯಷ್ಟು ಗೊತ್ತು.
ಆರು ವರ್ಷ, ವಾರಕ್ಕೆ ಮೂರು ಸಲ
ಈ ದಾರಿಯಲ್ಲೇ ನಮ್ಮ ಯಂತ್ರಕ್ಕೆ ಬಂದುಹೋಗುವವನು,
ಬರುವಾಗ ಮೈತುಂಬ ನೀರು, ಹೋಗುವಾಗ ಹಿಂಡಿದ ಬಟ್ಟೆ.
ಈ ಕಡೆಗೆ ನಾನು ಒಮ್ಮೆಯೂ ಬಂದಿರಲಿಲ್ಲ.
ಅವನೇ ಬರುತ್ತಿದ್ದನಲ್ಲ.

"ನಮ್ಮೂರು ಇನ್ನು ನಲವತ್ತು ಅನ್ನುವಲ್ಲಿ
ಒಂಟಿ ಮರ ಇದೆ, ನೋಡಿದೆಯಾ?" ಅಂದ.
"ವಾಪಸು ಬರುವಾಗ ಅಲ್ಲಿ ನಿಲ್ಲಿಸಿ ವಾಂತಿ ಮಾಡಿಕೊಳ್ಳುತ್ತೇನೆ.
ಒಳ್ಳೆಯ ಮರ."

ಇಡೀ ದಿನ ನಾನು ನೋಡಿದ್ದು
ಮುಂದಿನವರ ಹಿಂದಿನ ಚಕ್ರ.
ಒಬ್ಬೊಬ್ಬರನ್ನೂ ಕೇಳಿದೆ. ಮರವೇ? ಯಾವ ಮರ?

ಮಂಡಿಗೆ ಐಸು ಒತ್ತಿಕೊಂಡಿದ್ದ ಥುಯಿ ತಲೆಯೆತ್ತಿದಳು:
"ನಾನು ನೋಡಿದೆ, ವ್ಯಾನಿನಿಂದ.
ಕೆಳಗೆ ಒಂದು ಕುರ್ಚಿ ಇತ್ತು. ನೀಲಿ ಪ್ಲಾಸ್ಟಿಕ್ಕಿನದು."

"ಹಾಂ," ಅಂದ ಮೆರ್ವಿನ್, "ಅದು ನನ್ನದು."

ಬ್ರಾನ್ವಿನ್‌ಗೆ ಫೋನು ಮಾಡಬೇಕು.
ಅವಳ ಐವತ್ತು ಡಾಲರು ಅವಳಿಗೇ ಉಳಿಯಿತು.